ಸಾಮಾನು ಜೋಪಾನ

ಹಡಗು ದಡ ಮುಟ್ಟುವ ಮೊದಲು, ಮೊದಲ ಸಲ ಬಂದ ಪ್ರಯಾಣಿಕರ ಅನಿಸಿಕೆಗಳನ್ನು ವಿಡಿಯೋ ಮಾಡಿಕೊಳ್ಳುವುದು ನನ್ನ ಕೆಲಸ. ಕನ್ನಡದ ದಂಪತಿ ಇದ್ದಾರೆಂದು ತಿಳಿದು ಖುಷಿಯಿಂದ ಅವರ ಕೋಣೆಗೇ ಹೋದೆ. ಒಳಗಡೆಯ ಅಗ್ಗದ ಕೋಣೆ, ಕಿಟಕಿಯಿಲ್ಲ. ಸೂಟ್‌ಕೇಸುಗಳಿಗೆ ಸರಪಳಿ ಹಾಕಿ ಮಂಚದ ಕಾಲಿಗೆ ಬೀಗ ಜಡಿದಿದ್ದರು.

"ರೈಲಿನ ಅಭ್ಯಾಸ ಕಣಮ್ಮ," ಎಂದು ಯಜಮಾನರು ನಕ್ಕರು. ಮೊಬೈಲು ಎತ್ತಿದ್ದೇ ತಡ, ಕಾಲರ್ ಸರಿಮಾಡಿಕೊಂಡರು. "ಏನು ಹಡಗು ಅಂತೀಯಮ್ಮ! ಮೇಲೆ ಈಜುಕೊಳ, ಸಂಜೆ ಮ್ಯಾಜಿಕ್ ಶೋ, ಊಟಕ್ಕಂತೂ ಎಷ್ಟು ಬಗೆ! ಡೆಕ್ಕಲ್ಲಿ ನಿಂತು ಸೂರ್ಯ ಮುಳುಗೋದು ನೋಡಿದ್ರೆ ಮೈ ಜುಮ್ ಅನ್ನುತ್ತೆ. ಇವಳು ನಲವತ್ತು ವರ್ಷ ಒಲೆ ಮುಂದೆ ಬೆಂದಿದ್ದಾಳೆ. ಒಂದಿಷ್ಟು ಸುಖ ನೋಡ್ಲಿ ಅಂತಲೇ ಕರ್ಕೊಂಡು ಬಂದೆ."

ನಮ್ಮಪ್ಪ ಅಮ್ಮನ ಬಗ್ಗೆ ಇಂಥ ಮಾತು ಒಂದು ದಿನವೂ ಆಡಿದವರಲ್ಲ. ಪುಣ್ಯವಂತೆ ಅಂದುಕೊಂಡು ಮೊಬೈಲನ್ನು ಆಕೆಯ ಕಡೆ ತಿರುಗಿಸಿದೆ.

"ನೀವು ಹೇಳಿ ಅಮ್ಮಾ. ಹಡಗು ಹೇಗಿದೆ?"

ಆಕೆ ಗಂಡನ ಮುಖ ನೋಡಿದರು. "ಚೆನ್ನಾಗಿದೆ ಅಂದ್ರು."

"ಊಟ?"

"ಇವರು ಇಲ್ಲಿಗೇ ತಂದುಕೊಡ್ತಿದ್ರು. ಆರಿಹೋಗಿರ್ತಿತ್ತು, ಆದ್ರೂ ರುಚಿ."

"ಹಾಸಿಗೆ ಸರಿಮಾಡೋಕೆ ಅಂತ ಯಾರ್ಯಾರೋ ಒಳಗೆ ಬರ್ತಾರಲ್ಲಮ್ಮ," ಎಂದರು ಯಜಮಾನರು. "ಸಾಮಾನಿನ ಹತ್ತಿರ ಒಬ್ಬರಾದರೂ ಇರಬೇಕು."

ನಾನು ಮೊಬೈಲನ್ನು ಆಕೆಯ ಕಡೆಯಿಂದ ತಿರುಗಿಸಲಿಲ್ಲ. ಆಕೆಯನ್ನೇ ಕೇಳಿದೆ.

"ಸಮುದ್ರ ಹೇಗಿತ್ತು, ಅಮ್ಮಾ?"

ಆಕೆ ಸೆರಗಿನ ತುದಿಗೆ ಕಟ್ಟಿದ್ದ ಬೀಗದ ಕೈಯನ್ನು ಮುಟ್ಟಿ ನೋಡಿಕೊಂಡರು.

"ಹತ್ತೋವಾಗ ಕತ್ತಲಾಗಿತ್ತು ತಾಯಿ. ಇಳಿಯೋವಾಗ ನೋಡ್ತೀನಿ."