ಏಣಿಯ ಬುಡ

ಮಾಘ ಮುಗಿಯುತ್ತಿತ್ತು, ಹೇರೂರಿನ ಮಮತಕ್ಕನ ತೋಟದಲ್ಲಿ ಕಾಳುಮೆಣಸಿನ ಕೊಯ್ಲು ನಡೆದಿತ್ತು. ಏಣಿ ಹಿಡಿಯುವ ಹೊನ್ನ ಅಂದು ಜ್ವರವೆಂದು ಬಂದಿರಲಿಲ್ಲ. ಅದು ಒಂಟಿ ಬಿದಿರಿನ ಏಣಿ; ಬುಡವನ್ನು ಒಬ್ಬರು ಅದುಮಿ ಹಿಡಿಯದಿದ್ದರೆ ತಿರುಗಿ, ಹತ್ತಿದವನನ್ನು ಕೆಡವುತ್ತದೆ.

"ಖಡ್ಕಾ, ಇವತ್ತು ನೀನೇ ಹಿಡಿ. ರೋಕಾ ಹತ್ತಲಿ," ಎಂದಳು ಮಮತಕ್ಕ.

ಇಬ್ಬರೂ ನೇಪಾಳದವರು. ನಾಲ್ಕು ವರ್ಷದಿಂದ ಒಂದೇ ತೋಟದಲ್ಲಿದ್ದರೂ ಒಂದೇ ಮರಕ್ಕೆ ಹೋದವರಲ್ಲ. ಅಲ್ಲಿಯ ಅಂತರ್ಯುದ್ಧದಲ್ಲಿ ಖಡ್ಕಾ ರಾಜನ ಸೈನಿಕ, ರೋಕಾ ಕಾಡು ಸೇರಿದ ಬಂಡುಕೋರ.

"ಯುದ್ಧ ಮುಗ್ದು ಇಪ್ಪತ್ತು ವರ್ಷ ಆಯ್ತಲ್ರೋ. ಹೆಂಗೆ ಮುಗೀತು ಅದು, ಮಾರಾಯ್ರಾ?" ಎಂದು ಕೇಳಿದಳು ಮಮತಕ್ಕ.

"ವಿಶ್ವಸಂಸ್ಥೆಯೋರು ಬಂದು ನಮ್ಮ ಬಂದೂಕು ಪೆಟ್ಟಿಗೇಲಿಟ್ಟು ಬೀಗ ಹಾಕಿದ್ರು ಅಕ್ಕಾ. ಕೀಲಿ ನಮ್ಮ ಕೈಗೇ ಕೊಟ್ರು," ಎಂದ ರೋಕಾ.

"ನಮ್ಮ ಸೈನ್ಯದ್ದೂ ಲೆಕ್ಕಕ್ಕೆ ಸರಿಯಾಗಿ ಅಷ್ಟೇ ಬಂದೂಕು ಪೆಟ್ಟಿಗೇಲಿತ್ತು," ಎಂದ ಖಡ್ಕಾ.

"ಕೀಲಿ ಇಟ್ಕಂಡೂ ಸುಮ್ನಿದ್ರಲ್ಲ, ದೊಡ್ಡೋರೇ ಬಿಡಿ!" ಮಮತಕ್ಕ ನಗುತ್ತ ಗೋಣಿಚೀಲ ತರಲು ಹೋದಳು.

ರೋಕಾ ಮೂರಾಳೆತ್ತರ ಹತ್ತಿ ನಿಂತ. ಕೆಳಗೆ ನೋಡದೆ, ತಮ್ಮ ಭಾಷೆಯಲ್ಲಿ ಕೇಳಿದ: "ನನ್ನ ಅಣ್ಣನನ್ನು ಕೊಂದ ದಿನ ನಮ್ಮೂರಿಗೆ ಬಂದ ತುಕಡಿಯಲ್ಲಿ ನೀನಿದ್ದೆಯಾ?"

ನಾಲ್ಕು ವರ್ಷ ಇಬ್ಬರೂ ತಪ್ಪಿಸಿಕೊಂಡು ಬಂದಿದ್ದ ಪ್ರಶ್ನೆ. ಇಲ್ಲವೆಂದು ಹೇಳಿಬಿಡಬಹುದಿತ್ತು. ಖಡ್ಕಾನ ಬೆರಳುಗಳು ಬಿದಿರಿನ ಮೇಲೆ ಬಿಳಿಚಿದವು.

"ಇದ್ದೆ," ಎಂದ.

ಏಣಿ ಅಲುಗಲಿಲ್ಲ.

"ಗಟ್ಟಿಯಾಗಿ ಹಿಡಿ," ಎಂದು ರೋಕಾ ಮೇಲಿನ ಮೆಟ್ಟಿಲಿಗೆ ಕಾಲಿಟ್ಟ.