ಖಂಡೆ ಪೂಜೆಯ ಮರುದಿನ

ಆಯುಧಪೂಜೆಯ ಮುಂಜಾನೆ. ಲ್ಯಾಬಿನ ಕರೆಂಟ್ ಕುಲುಮೆಯ ನೆತ್ತಿಗೆ ಕುಂಕುಮ, ಮೈಗೆ ಚೆಂಡುಹೂವಿನ ಮಾಲೆ, ಬುಡದಲ್ಲಿ ಕೊಯ್ದ ಲಿಂಬೆಹಣ್ಣು. ಸ್ವಿಚ್ಚು ಬಂದ್ ಆಗಿತ್ತು. ರೇಣು ಬಾಗಿಲಲ್ಲೇ ನಿಂತುಬಿಟ್ಟಳು.

"ಖಂಡೆ ಪೂಜಿ ಅಲ್ಲೇನ್ರಿ ಮೇಡಂ," ಎಂದ ಅಟೆಂಡರ್ ಭೀಮಣ್ಣ, ಊದಿನಕಡ್ಡಿ ಹಿಡಿದೇ. "ಇವತ್ತೊಂದಿನ ಮಷೀನಿಗೂ ಆರಾಮ ಬ್ಯಾಡೇನ್ರಿ? ಮುಂಜಾನೆ ಏಳಕ್ಕ ಆಫ್ ಮಾಡೀನಿ."

ಮೂವತ್ತೆಂಟು ದಿನದಿಂದ ಆ ಕುಲುಮೆ ಒಂದು ಗಳಿಗೆಯೂ ಆರಿರಲಿಲ್ಲ. ಅದರೊಳಗಿನ ಕೊಳವೆಯಲ್ಲಿ ರೇಣು ನಾಲ್ಕು ವರ್ಷ ತಿದ್ದಿ ತೀಡಿದ ನಿಕಲ್ ಪುಡಿಯಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು. ಚಿಮಣಿಯ ಹೊಗೆಯನ್ನು ಉರಿಯುವ ಅನಿಲವಾಗಿ ಮಾರ್ಪಡಿಸುವಂಥವು. ಸಾವಿರ ತಾಸು ಕೆಡದೆ ನಿಂತರೆ ಅವಳಿಗೆ ಡಾಕ್ಟರೇಟು, ಅವಳ ಗೈಡ್ ಪ್ರಲ್ಹಾದ ಸರ್‌ಗೆ ಕಂಪನಿಯ ಮುಂದಿನ ಅನುದಾನ. ತೊಂಬತ್ತು ತಾಸೂ ಉಳಿದಿರಲಿಲ್ಲ.

ಸರ್ ಬಂದವರೇ ಭೀಮಣ್ಣನನ್ನು ಬಾಯಿಗೆ ಬಂದಂತೆ ಬೈದು ಹೊರಗಟ್ಟಿದರು. ಆಮೇಲೆ ಇಬ್ಬರೂ ಕಂಪ್ಯೂಟರ್ ಮುಂದೆ ಕೂತು ನೋಡಿದರೆ, ಪುಡಿಯ ಕೆಲಸ ತೋರುವ ಗೆರೆ ಬಿದ್ದದ್ದು ಏಳಕ್ಕಲ್ಲ. ರಾತ್ರಿಯೇ ಜಾರತೊಡಗಿ, ನಸುಕಿನ ಐದಕ್ಕೆ ನೆಲ ಕಚ್ಚಿತ್ತು. ಪುಡಿ ತನ್ನಷ್ಟಕ್ಕೆ ತಾನೇ ಸತ್ತಿತ್ತು. ಪಾಪ, ಭೀಮಣ್ಣ ಪೂಜೆ ಮಾಡಿದ್ದು ಹೆಣಕ್ಕೆ.

"ನಿನ್ನೆ ಸಂಜೀತನಾ ಡೇಟಾ ಇಟ್ಟು ಮುಂದಿಂದು ಕತ್ತರಿಸು," ಎಂದರು ಸರ್, ದನಿ ತಗ್ಗಿಸಿ. "ಅಟೆಂಡರ್ ಬಂದ್ ಮಾಡಿದಾ, ಟೆಸ್ಟ್ ಅರ್ಧಕ್ಕ ನಿಂತ್ತು ಅಂತ ಬರಿ. ಕಂಪನಿಯಿಂದ ಇನ್ನೊಂದು ವರ್ಷ ಸಿಗ್ತದ."

"ಸರ್, ಭೀಮಣ್ಣನ ನೌಕರಿ?"

"ನಿನ್ನ ಡಿಗ್ರಿ ಬೇಕೋ, ಅವನ ನೌಕರಿ ಬೇಕೋ, ನೀನೇ ನೋಡವಾ."

ಪುಣೆಯ ಆ ಇಡೀ ಲ್ಯಾಬಿನಲ್ಲಿ ಕನ್ನಡ ಆಡುವವರು ಈ ಮೂವರೇ. ರೇಣುಗೆ ನಾಚಿಕೆಯಾಯಿತು. ಆದರೂ ಕತ್ತರಿಸಿದಳು.

ಮರುದಿನ ದಸರೆ. ಕೊಳವೆ ಬಿಚ್ಚಿ ಕೆರೆಯುತ್ತಿದ್ದಳು. ಒಳಗೆಲ್ಲ ಪುಡಿಯ ಉಸಿರು ಕಟ್ಟಿಸಿದ್ದ, ಒಲೆಗೂಡಿನಂಥ ಮಸಿ. ಬೀಗದಕೈ ಒಪ್ಪಿಸಲು ಭೀಮಣ್ಣ ಊರಂಚಿನ ನಿಗಡಿ ಬಡಾವಣೆಯಿಂದ ಎರಡು ಬಸ್ಸು ಬದಲಿಸಿ ಬಂದಿದ್ದ. ಅವನ ಹನ್ನೊಂದು ವರ್ಷದ ಗುತ್ತಿಗೆ ಕೆಲಸ ಹಿಂದಿನ ಸಂಜೆಗೇ ಮುಗಿದಿತ್ತು.

"ನಿಮ್ಮ ನಾಕು ವರ್ಷದ ಕಷ್ಟ ನಾ ಮಣ್ಣುಪಾಲು ಮಾಡಿದ್ನಿ," ಎಂದ. "ಹೊಟ್ಟ್ಯಾಗ ಹಾಕ್ಕೋರಿ ಅಕ್ಕಾರ." ಬನ್ನಿ ಎಲೆ ಚಾಚಿದ. "ಬಂಗಾರದಂಗ ಇರೂಣು."

ದಸರೆಗೆ ಬಂಗಾರವೆಂದು ಬನ್ನಿ ಕೊಟ್ಟವರಿಗೆ ಬನ್ನಿ ತಿರುಗಿ ಕೊಡಬೇಕು. ರೇಣು ಅದರಲ್ಲೇ ನಾಲ್ಕೆಲೆ ಮುರಿದು ಅವನ ಅಂಗೈಗಿಟ್ಟಳು. ಎಲೆಗಳ ಮೇಲೆ ಅವಳ ಬೆರಳಿನ ಮಸಿ ಮೂಡಿತ್ತು. ಭೀಮಣ್ಣ ಅದನ್ನೇ ಕಣ್ಣಿಗೊತ್ತಿಕೊಂಡ.