ಹಳೇ ಚೆಂಡು

ಅಪ್ಪ ಮಗನ ಎಡಗಾಲಿನ ಬೂಟನ್ನು ತಲೆಕೆಳಗು ಮಾಡಿ ಕುಟ್ಟಿದ. ಸ್ಪಂಜಿನ ತುಂಡೊಂದು ಬಿತ್ತು. ಮತ್ತೆ ಕುಟ್ಟಿದ. ಇನ್ನೊಂದು ಬಿತ್ತು.

ಮೊದಲನೆಯದು ಅವನೇ ಕತ್ತರಿಸಿ ಇಟ್ಟದ್ದು. ಎರಡನೆಯದು ಅವನದಲ್ಲ. ಅದರ ಅಂಚಿಗೆ ನೀಲಿ ದಾರದ ಹೊಲಿಗೆಯಿತ್ತು. ಅವನ ಶೂ ರಿಪೇರಿ ಅಂಗಡಿಯ ಮೇಣ ಹಚ್ಚಿದ ದಾರವಲ್ಲ, ಮನೆಯ ಸೂಜಿ ಡಬ್ಬಿಯದು.

ಪಕ್ಕದಲ್ಲಿ ಫೋನು ತೆರೆದೇ ಇತ್ತು. ಊರಿನ ಕ್ರೀಡಾ ಪುಟ. "ಎಡಗಾಲಿನ ಬೂಟಿನಲ್ಲಿ ಎರಡು ಪದರ ಸ್ಪಂಜು ತುರುಕಿಕೊಂಡು ಓಡುವವನನ್ನು ವೇಗದ ಬೌಲರ್ ಅಂತ ಮೆರೆಸುತ್ತೀರಲ್ಲ! ಹತ್ತೊಂಬತ್ತು ವರ್ಷಕ್ಕೇ ಹೊಗಳಿ ಹೊಗಳಿ ಅಟ್ಟಕ್ಕೇರಿಸಿದ್ದೀರಿ. ಆರು ತಿಂಗಳು ಮನೆಯಲ್ಲಿ ಕೂರಿಸಿ." ಬರೆದವರ ಹೆಸರು: ಹಳೇ ಚೆಂಡು.

ಮೂರು ತಿಂಗಳಿಂದ ಇದೇ ಪಾಡು. ಮಗನ ಪಂದ್ಯ ಮುಗಿದು ಒಂದು ಗಂಟೆ ಆಗುವುದರೊಳಗೆ ಹಳೇ ಚೆಂಡು ಹಾಜರು. ಪಂದ್ಯ ನಡೆಯುವಾಗ ಮಾತ್ರ ಒಂದಕ್ಷರವೂ ಇಲ್ಲ. "ಆಟ ನಡೆಯೋವಾಗ ಬಾಯಿಗೆ ಬೀಗ, ಮುಗಿದ್ಮೇಲೆ ಗಂಟಲು. ಪುಕ್ಕಲ ಕಣ್ರೀ," ಎಂದು ಅಪ್ಪ ಗಿರಾಕಿಗಳ ಮುಂದೆ ನಗುತ್ತಿದ್ದ. ಮೊದಮೊದಲು ಊರೂ ಅವನ ಜೊತೆ ನಕ್ಕಿತು. ಬರಬರುತ್ತ ಅರ್ಧ ಊರು ಹಳೇ ಚೆಂಡಿನ ಮಾತಿಗೆ ತಲೆಯಾಡಿಸತೊಡಗಿತು.

ನಿನ್ನೆ ಪಕ್ಕದ ಕ್ಷೌರದಂಗಡಿಯವನೂ ಬಂದು ಹೇಳಿದ. "ಬೇಜಾರು ಮಾಡ್ಕೋಬೇಡಣ್ಣಾ. ನಾಲ್ಕು ಓವರ್ ಆದ್ಮೇಲೆ ನಿನ್ ಮಗನ ಸ್ಪೀಡು ಇಳಿದೇ ಇಳಿಯುತ್ತೆ. ಅವನಿಗಿರೋದು ಹೆಸರು ಜಾಸ್ತಿ, ಆಟ ಕಮ್ಮಿ."

"ನಿನ್ ಕತ್ತರಿಗೆ ಸ್ಪೀಡೂ ಕಾಣ್ಸುತ್ತಾ? ಹೋಗಯ್ಯಾ, ಅರ್ಧ ಬೋಳಿಸಿದ ಗಿರಾಕಿ ಕಾಯ್ತಾ ಇದಾನೆ."

ಅಪ್ಪ ನಗಲಿಲ್ಲ. ಭಾನುವಾರ ರಾಜ್ಯ ತಂಡದ ಆಯ್ಕೆದಾರರು ಬರುವವರಿದ್ದರು. ಅವರೂ ಆ ಪುಟ ಓದುತ್ತಾರೆ. ಹಳೇ ಚೆಂಡಿನ ಮಾತು ಅವರ ತಲೆಗೆ ಹೊಕ್ಕರೆ ಮಗನ ಕಥೆ ಮುಗಿದಂತೆಯೇ. ಹನ್ನೊಂದು ವರ್ಷ ಅವನು ಕಂಡವರ ಚಪ್ಪಲಿ ಹೊಲಿದದ್ದು ಆ ಒಂದು ಭಾನುವಾರಕ್ಕಾಗಿ.

ಬೂಟು ಮುಟ್ಟುವವರು ಮೂರೇ ಜನ. ಒಬ್ಬ ತಾನು. ಇನ್ನೊಬ್ಬ ಅದನ್ನು ತೊಡುವವನು. ಮೂರನೆಯವಳು ಅಡುಗೆಮನೆಯಲ್ಲಿ ಬಟಾಣಿ ಬಿಡಿಸುತ್ತಿದ್ದಳು.

"ಇದು ಯಾರ ಹೊಲಿಗೆ?"

"ನಂದೇ."

"ಬರೆದಿದ್ದೂ ನೀನೇನಾ?"

ಅವಳ ಬೆರಳುಗಳು ನಿಂತವು. ಗಂಡನ ಹೆಗಲು ದಾಟಿ ಬಾಗಿಲತ್ತ ನೋಡಿದಳು. ಮಗ ಅಲ್ಲಿ ತಟ್ಟೆ ಹಿಡಿದು ನಿಂತಿದ್ದ. ಈಚೆಗೆ ಅವನು ಕೂರುವುದೇ ಕಡಿಮೆ. ಊಟವೂ ನಿಂತೇ.

"ನಾನೇ ಅಂತ ಇಟ್ಕೊಳ್ಳಿ," ಎಂದಳು. "ಅದ್ರಲ್ಲಿ ತಪ್ಪೇನಿದೆ? ಮಗು ಸೊಂಟ ನೋವು ಅಂತು. ನೀವು ಕಿವಿಗೆ ಹಾಕ್ಕೊಂಡ್ರಾ?"

"ಸೊಂಟ ಎಲ್ರಿಗೂ ಇರುತ್ತೆ ಕಣೇ! ನಂಗಿಲ್ವಾ? ದಿನಾ ಹತ್ತು ಗಂಟೆ ಬಗ್ಗಿ ಕೂರ್ತೀನಿ."

"ಅಪ್ಪಾ," ಮಗ ತಟ್ಟೆ ಕೆಳಗಿಟ್ಟ. "ಅಮ್ಮನ್ನ ಬಿಡಿ. ಅದು ಅಮ್ಮ ಅಲ್ಲ, ಅದು..."

"ನೀನು ಸುಮ್ನಿರು. ಅಮ್ಮನ ಪರ ವಕಾಲತ್ತು ಬೇಡ."

ಮಗ ತಟ್ಟೆ ಎತ್ತಿಕೊಂಡ.

ಅಪ್ಪ ಹೆಂಡತಿಯ ಫೋನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡ. "ಪಂದ್ಯ ಮುಗಿಯೋವರ್ಗೂ ಇದು ನನ್ ಹತ್ರ. ಈಗ ಬರೀ ನೋಡೋಣ." ಎರಡೂ ಸ್ಪಂಜುಗಳನ್ನು ಕಸದ ಬುಟ್ಟಿಗೆ ಎಸೆದ. ಬೂಟಿನೊಳಗೆ ಗಟ್ಟಿ ತೊಗಲಿನ ತುಂಡು ಕೂರಿಸಿದ. ಆಮೇಲೆ ಕ್ಲಬ್ಬಿನ ನಾಯಕನಿಗೆ ಫೋನು ಮಾಡಿದ.

"ನಾಡಿದ್ದು ಹುಡುಗನ್ನ ಮಧ್ಯೆ ತೆಗೀಬೇಡಪ್ಪಾ. ಒಂದೇ ಸಮ ಹಾಕಿಸು. ಅವನಿಗೇನೂ ಆಗಲ್ಲ, ನಾನು ಹೇಳ್ತಿದೀನಲ್ಲ. ಸ್ಪೀಡು ಇಳಿಯುತ್ತೆ ಅಂದೋರಿಗೆ ತೋರಿಸ್ಬೇಕು."

"ಆಯ್ತಲ್ವೇನೋ?" ಎಂದು ಮಗನತ್ತ ತಿರುಗಿದ.

"ಆಯ್ತಪ್ಪಾ."

ಮರುದಿನ ಹಳೇ ಚೆಂಡು ಏನೂ ಬರೆಯಲಿಲ್ಲ. ಅಪ್ಪ ಜೇಬು ತಟ್ಟಿಕೊಂಡು ನಕ್ಕ.

ಭಾನುವಾರ ಹುಡುಗ ಹುಚ್ಚು ಹಿಡಿದವನಂತೆ ಬೌಲ್ ಮಾಡಿದ. ನಾಲ್ಕನೇ ಓವರಿನ ನಂತರ ವೇಗ ಇಳಿಯಲಿಲ್ಲ, ಏರಿತು. ನೆರಳಲ್ಲಿ ಕುಳಿತಿದ್ದ ಆಯ್ಕೆದಾರರು ಕುರ್ಚಿ ಮುಂದೆಳೆದುಕೊಂಡರು. ಕ್ಷೌರದಂಗಡಿಯವನು ಬೇಲಿ ಹತ್ತಿ ಸಿಳ್ಳೆ ಹಾಕಿದ. "ತಪ್ಪಾಯ್ತಣ್ಣೋ! ನನ್ ಮಾತು ವಾಪಸ್ಸು!"

ಅವನ ಹನ್ನೊಂದನೇ ಓವರಿಗೆ ಐದನೇ ವಿಕೆಟ್ಟು. ನಾಯಕ ಹುಡುಗನ ಮುಖ ನೋಡಿದ. ಬಿಳಿಚಿಕೊಂಡಿತ್ತು. ಆಮೇಲೆ ಗೆರೆಯಾಚೆ ನಿಂತಿದ್ದ ಅಪ್ಪನನ್ನು ನೋಡಿದ. ಅಪ್ಪ ಒಂದು ಬೆರಳೆತ್ತಿದ. ಇನ್ನೊಂದು ಓವರ್.

ಹನ್ನೆರಡನೆಯದರ ಮೂರನೇ ಎಸೆತ. ಎಡಗಾಲು ನೆಲಕ್ಕೆ ಬಡಿಯಿತು. ಚೆಂಡು ಹೋಯಿತು. ಬಗ್ಗಿದ ಹುಡುಗ ಮತ್ತೆ ನೆಟ್ಟಗಾಗಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್-ರೇಯನ್ನು ಬೆಳಕಿಗೆ ಹಿಡಿದರು. "ಸೊಂಟದ ಹತ್ರ ಬೆನ್ನುಮೂಳೇಲಿ ಬಿರುಕು, ಹಳೇದು. ಮೂರು ತಿಂಗಳದ್ದಾದ್ರೂ ಇರ್ಬೇಕು. ಆಗ್ಲೇ ಆರು ತಿಂಗಳು ಕೂರಿಸಿದ್ರೆ ತಾನಾಗೇ ಕೂಡ್ಕೊಳ್ತಿತ್ತು. ಇವತ್ತು ಪೂರ್ತಿ ಮುರಿದಿದೆ. ಬೌಲಿಂಗ್ ಮಾತು ಬಿಡಿ, ಮೊದ್ಲು ಎದ್ದು ನಿಲ್ಲಲಿ." ಕನ್ನಡಕ ತೆಗೆದರು. "ಇಷ್ಟು ನೋವಿಟ್ಕೊಂಡು ಹುಡುಗ ಯಾರಿಗೂ ಹೇಳ್ಲಿಲ್ವಾ?"

"ಇಲ್ಲ ಸಾರ್," ಎಂದ ಅಪ್ಪ.

ಹೆಂಡತಿ ಗೋಡೆ ನೋಡುತ್ತ ಕುಳಿತಿದ್ದಳು. ಅವಳ ಒಣ ಕಣ್ಣು ಕಂಡು ಅವನಿಗೆ ಮೈಯೆಲ್ಲ ಉರಿಯಿತು. ಕಾಲುಗಳ ನಡುವೆ ಮಗನ ಕಿಟ್ ಬ್ಯಾಗು ಇಟ್ಟುಕೊಂಡು, ತನ್ನ ಫೋನು ತೆಗೆದು, ಹಳೇ ಚೆಂಡಿಗೆ ನೇರವಾಗಿ ಬರೆದ: "ಐದು ವಿಕೆಟ್ ತಗೊಂಡ. ನಿನ್ನ ಕೆಟ್ಟ ಕಣ್ಣು ತಾಗಿಯೇ ಬಿದ್ದ. ಈಗ ಸಮಾಧಾನ ಆಯ್ತಾ?"

ಕಳಿಸಿದ. ಹೆಂಡತಿಯನ್ನೇ ದಿಟ್ಟಿಸುತ್ತ ಅಂಗಿಯ ಜೇಬಿನ ಮೇಲೆ ಅಂಗೈಯಿಟ್ಟು, ಅವಳ ಫೋನು ಅದುರುವುದನ್ನೇ ಕಾದ.

ಜೇಬು ಅಲುಗಲಿಲ್ಲ; ಕಾಲ ಬಳಿಯ ಬ್ಯಾಗಿನೊಳಗೆ, ಮಗ ಬಿಚ್ಚಿಟ್ಟು ಹೋಗಿದ್ದ ಪ್ಯಾಂಟಿನ ಜೇಬಿನಲ್ಲಿ, ಫೋನೊಂದು ಗುಂಯ್‌ಗುಟ್ಟಿತು.